ಮನೆ ಬಾಗಿಲಿಗೆ ಬರುವ ಮಾಸ್ತರು

ದೀಪಾವಳಿ ಮುಗಿದು ವಾರವಾಗಿದೆ. ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಲಂಬಾಣಿ ತಾಂಡಾವೊಂದರ ಸೇವಾಲಾಲ್ ಗುಡಿಯ ಮುಂದೆ ಟೆಂಪೊ ನಿಂತಿದೆ. ಸೋಯಾ ರಾಶಿ ಮುಗಿದಿದೆ, ತೊಗರಿ ಇನ್ನೂ ಹಳದಿ ಹೂವಿನಲ್ಲಿದೆ. ಈ ನಡುವಿನ ದಿನಗಳಲ್ಲಿ ಹೊಲದಲ್ಲಿ ಕೂಲಿ ಸಿಗುವುದಿಲ್ಲ. ಕೌದಿ, ಅಲ್ಯೂಮಿನಿಯಂ ಪಾತ್ರೆ, ಜೋಳದ ಹಿಟ್ಟಿನ ಚೀಲ, ಕಬ್ಬು ಕಡಿಯುವ ಕೊಯ್ತಾ ಒಂದೊಂದಾಗಿ ಟೆಂಪೊ ಏರುತ್ತಿವೆ. ಕೂಲಿಗಳನ್ನು ಒಯ್ಯುವ ಮುಕಾದಮನ ಕೈಯಿಂದ ಮುಂಗಡ ಹಿಡಿದಾಗಿದೆ, ಇನ್ನು ಹೋಗಲೇಬೇಕು. ಕೆಲವರು ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಡೆಗೆ, ಕೆಲವರು ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ. ತಿರುಗಿ ಬರುವುದು ಯುಗಾದಿಗೆ, ಇಲ್ಲವೇ ಜೂನಿನ ಮಿರಗದ ಮಳೆಗೆ.

ಟೆಂಪೊ ಹೊರಡುವ ಸುದ್ದಿ ಮಾಸ್ತರರಿಗೆ ಹಿಂದಿನ ರಾತ್ರಿಯೇ ಮುಟ್ಟಿದೆ. ಬೆಳಗ್ಗೆ ಏಳು ಗಂಟೆಗೆ ಅವರ ಬೈಕು ತಾಂಡಾದಲ್ಲಿದೆ. ಹಾಜರಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದಾರೆ.

"ಹುಡುಗಿಗ್ ಬಿಟ್ಟು ಹೋಗ್ರಿ ಅಕ್ಕಾ. ನಾಕನೇತ್ತೆ ಮುಗೀಲಿ."

"ಸಣ್ಣ ಕೂಸಿಗ್ ಯಾರ್ ನೋಡ್ಬೇಕ್ರಿ ಸರ? ನಾವಿಬ್ರೂ ಕಬ್ಬಿನಾಗ ಇರ್ತೀವಿ."

ಈ ಪ್ರಶ್ನೆಗೆ ಮಾಸ್ತರರಲ್ಲಿ ಸಿದ್ಧ ಉತ್ತರವಿಲ್ಲ. ಶಿಕ್ಷಣದ ಮಹತ್ವದ ಮೇಲೆ ಭಾಷಣ ಮಾಡುವ ಹೊತ್ತೂ ಇದಲ್ಲ. ಅವರು ಕಟ್ಟೆಯ ಮೇಲೆ ಕೂತು ಕೊಟ್ಟ ಚಹಾ ಕುಡಿಯುತ್ತಾರೆ. ಅಜ್ಜಿಯನ್ನು ಹತ್ತಿರ ಕರೆದು ಅರ್ಧ ಲಂಬಾಣಿ, ಅರ್ಧ ಕನ್ನಡದಲ್ಲಿ ಲೆಕ್ಕ ಹೇಳುತ್ತಾರೆ. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಇದೆ. ಹಾಲು ಇದೆ, ಮೊಟ್ಟೆ ಇದೆ. ರಾತ್ರಿಯ ಎರಡು ರೊಟ್ಟಿ ನೀನು ಬಡಿ. ಜ್ವರ ಬಂದರೆ ನನಗೆ ಫೋನ್ ಮಾಡು, ದವಾಖಾನೆಗೆ ನಾನೇ ಒಯ್ಯುತ್ತೇನೆ. ಅಜ್ಜಿ ಮಗನ ಮುಖ ನೋಡುತ್ತಾಳೆ, ಮಗ ಹೆಂಡತಿಯ ಮುಖ ನೋಡುತ್ತಾನೆ. ಟೆಂಪೊದವ ಹಾರ್ನ್ ಬಾರಿಸುತ್ತಾನೆ. ಕೊನೆಗೆ ತಾಯಿ ಏನೂ ಮಾತಾಡದೆ ಟೆಂಪೊ ಹತ್ತಿ, ಹುಡುಗಿಯ ಬಟ್ಟೆಯ ಗಂಟನ್ನು ಹುಡುಕಿ ತೆಗೆದು ಕೆಳಗೆ ಕೊಡುತ್ತಾಳೆ. ಅದೇ ಟೆಂಪೊದಲ್ಲಿ ಇಬ್ಬರು ಹುಡುಗರು ಹೋಗಿಯೇ ಹೋಗುತ್ತಾರೆ. ಅವರ ತಂದೆಯ ಕೈಗೆ ಮಾಸ್ತರು ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಮಕ್ಕಳ ಹೆಸರು, ತರಗತಿ, ತಮ್ಮ ಫೋನ್ ನಂಬರು ಬರೆದಿದ್ದಾರೆ. "ಹೋದಲ್ಲಿ ಶಾಲಿ ಇದ್ರ ತೋರಸ್ರಿ."

ವರ್ಷ ವರ್ಷವೂ ಹೀಗೆ ಅಲೆದಾಡಲು ನಿಮಗೆ ಏನು ಪ್ರೇರಣೆ ಎಂದು ಕೇಳಿದರೆ ಇಂಥವರು ದೊಡ್ಡ ಮಾತು ಆಡುವುದಿಲ್ಲ. "ಹೆಸರಿನ ಮ್ಯಾಲ ಕೆಂಪು ಗೆರಿ ಎಳೀಬೇಕಾಗ್ತದ್ರಿ. ಅದೊಂದು ನನಗ ಆಗಂಗಿಲ್ಲ" ಎನ್ನುತ್ತಾರೆ. ಸತತ ಗೈರಾದ ಮಗುವಿನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಕಾಗದದ ಮೇಲೆ ಒಂದು ಕ್ಷಣದ ಕೆಲಸ. ಆ ಗೆರೆ ಎಳೆಯದಿರಲಿಕ್ಕಾಗಿ ಒಬ್ಬ ಮನುಷ್ಯ ಬೆಳಗಿನ ಚಳಿಯಲ್ಲಿ ಹತ್ತು ಮನೆಗಳ ಕಟ್ಟೆ ಹತ್ತಿ ಇಳಿಯುತ್ತಾನೆ. ಬೀದರ್ ಜಿಲ್ಲೆಯಲ್ಲಿ ಪಾಠ ಶುರುವಾಗುವುದು ಕರಿಹಲಗೆಯ ಮುಂದಲ್ಲ, ಮಗುವಿನ ಮನೆ ಬಾಗಿಲಲ್ಲಿ. ಈ ನೆಲದ ಒಳ್ಳೆಯ ಮಾಸ್ತರರನ್ನು ಹತ್ತಿರದಿಂದ ನೋಡಿದ ಯಾರಿಗಾದರೂ ಇದು ಗೊತ್ತಾಗುತ್ತದೆ. ಕಲಿಸುವುದಕ್ಕಿಂತ ಮೊದಲು ಕರೆತರಬೇಕು, ಕರೆತಂದ ಮೇಲೆ ಹಿಡಿದಿಟ್ಟುಕೊಳ್ಳಬೇಕು.

ಔರಾದ್ ಕರ್ನಾಟಕದ ನೆತ್ತಿ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇಗಲೂರು. ಇನ್ನೊಂದು ಕಡೆ ತೆಲಂಗಾಣ. ಬೀದರ್‌ನಿಂದ ಜನವಾಡಾ ದಾಟಿ, ಕೌಠಾ ಬಳಿ ಮಾಂಜ್ರಾ ನದಿಯ ಸೇತುವೆ ದಾಟಿ, ಸಂತಪುರದ ಮೇಲೆ ಹಾಯ್ದು ಹೋದರೆ ಔರಾದ್. ಕೆಂಪು ಜಂಬಿಟ್ಟಿಗೆಯ ಬೀದರ್ ಹಿಂದೆ ಉಳಿದು, ಹೊಳೆಯಾಚೆ ಕಪ್ಪು ಎರೆಭೂಮಿ ತೆರೆದುಕೊಳ್ಳುತ್ತದೆ. ರೈಲು ಇಲ್ಲಿಗೆ ಬಂದಿಲ್ಲ. ವಿಕಾರಾಬಾದ್‌–ಪರಳಿ ಹಳಿ ಬೀದರ್, ಭಾಲ್ಕಿ, ಕಮಲನಗರ ಹಿಡಿದು ಉದಗೀರಕ್ಕೆ ಹೋಗುತ್ತದೆ. ಔರಾದ್ ಬದಿಗೆ ಉಳಿಯುತ್ತದೆ. ಬೀದರ್ ಜಿಲ್ಲೆಗೆ ವರ್ಗವಾದರೆ ಶಿಕ್ಷೆ ಎಂದು ತಿಳಿಯುವ ನೌಕರರು ರಾಜ್ಯದಲ್ಲಿ ಮೊದಲಿನಿಂದಲೂ ಇದ್ದಾರೆ, ಅದರಲ್ಲೂ ಔರಾದ್ ಎಂದರೆ ಕೊನೆಯ ಬಸ್ ನಿಲ್ದಾಣ ಎಂಬ ಭಾವನೆ. ಆ ಮಾತು ನನಗೆ ಯಾವಾಗ ಕೇಳಿದರೂ ನೋವಾಗುತ್ತದೆ. ಇಲ್ಲಿ ಹುಟ್ಟಿದ ಮಗುವಿಗೆ ಇದು ಕೊನೆಯ ನಿಲ್ದಾಣವಲ್ಲ, ಹೊರಡುವ ನಿಲ್ದಾಣ.

ಆ ತಾಂಡಾದಂಥ ಊರಿನ ನಲಿ-ಕಲಿ ಕೋಣೆಯೊಳಗೆ ಕಾಲಿಡೋಣ. ಒಂದು, ಎರಡು, ಮೂರನೇ ಇಯತ್ತೆಯ ಮಕ್ಕಳು ಒಂದೇ ಕಡೆ ನೆಲದ ಮೇಲೆ ಗುಂಪುಗಳಾಗಿ ಕೂತಿದ್ದಾರೆ. ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು ತೂಗುತ್ತಿವೆ. ಗೋಡೆಯ ಕೆಳಭಾಗಕ್ಕೆ ಕರಿ ಬಣ್ಣ ಬಳಿದು ಪ್ರತಿ ಮಗುವಿಗೂ ಒಂದೊಂದು ಹಲಗೆ ಮಾಡಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಕ್ರಮ ಇದು. ರಾಜ್ಯದ ಆ ತುದಿಯ ಕಾಡಂಚಿನಲ್ಲಿ ಹುಟ್ಟಿ ಈ ತುದಿಯ ಎರೆಹೊಲದವರೆಗೆ ಬಂದಿದೆ. ಇಲ್ಲಿ ಅಕ್ಷರ ಅ, ಆ, ಇ ಎಂದು ಸಾಲಾಗಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಮಗು ಆಗಲೇ ಪದ ಓದಬಲ್ಲದು: ಅರಸ, ದಸರ, ಗರಗಸ.

ಟೆಂಪೊ ಹತ್ತದೆ ಉಳಿದ ಹುಡುಗಿಯ ತಂಗಿಯ ವಯಸ್ಸಿನವಳೊಬ್ಬಳು ಕಾರ್ಡು ಹಿಡಿದು ಕೂತಿದ್ದಾಳೆ. ಮನೆಯಲ್ಲಿ ಲಂಬಾಣಿ ಮಾತು, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ಕನ್ನಡ. ಬೆರಳು ಮೊದಲ ಅಕ್ಷರದ ಮೇಲೆ ನಿಂತಿದೆ. "ಸ." ಬೆರಳು ಸರಿಯುತ್ತದೆ. "ರ." ಸ್ವಲ್ಪ ಹೊತ್ತು ಏನೂ ಇಲ್ಲ. ಎರಡನ್ನೂ ತುಟಿಯೊಳಗೇ ಕೂಡಿಸುತ್ತಿದ್ದಾಳೆ. ಆಮೇಲೆ ಒಮ್ಮೆಲೇ ತಲೆ ಎತ್ತಿ, "ಸರ!" ಎಂದು ಮಾಸ್ತರರ ಕಡೆ ಬೆರಳು ಮಾಡುತ್ತಾಳೆ. ಕಾರ್ಡಿನಲ್ಲಿ ಇರುವುದು ಕೊರಳಿಗೆ ಹಾಕುವ ಸರದ ಚಿತ್ರ. ಆದರೆ ಬೀದರ್ ಸೀಮೆಯ ಮಕ್ಕಳು ಮಾಸ್ತರರನ್ನು ಕರೆಯುವುದೂ ಸರ ಎಂದೇ. ಕೋಣೆಯೆಲ್ಲ ನಗುತ್ತದೆ, ಮಾಸ್ತರೂ ನಗುತ್ತಾರೆ, ತಪ್ಪೆಂದು ಹೇಳುವುದಿಲ್ಲ. ಅವಳಿಗೆ ಓದಲು ಬಂತು ಎಂಬುದು ಅವರಿಗೂ ಅವಳಿಗೂ ಅದೇ ಗಳಿಗೆಯಲ್ಲಿ ಗೊತ್ತಾಗಿದೆ. ವರ್ಷದಲ್ಲಿ ಇಂಥ ಗಳಿಗೆ ಕೋಣೆಯ ಪ್ರತಿ ಮಗುವಿನದೂ ಒಂದೊಂದು ಸಲ ಬರುತ್ತದೆ. ಇಪ್ಪತ್ತು ವರ್ಷ ಕಲಿಸಿದವರೂ ಅದಕ್ಕೆ ಇನ್ನೂ ಕಾಯುತ್ತಾರೆ. ಪ್ರೇರಣೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಅರ್ಥ ನನಗೆ ಸಿಕ್ಕಿಲ್ಲ.

ಈ ತಾಲೂಕಿನಲ್ಲಿ ಕನ್ನಡ ಶಾಲೆಗಳ ಜೊತೆಗೆ ಸರ್ಕಾರಿ ಮರಾಠಿ ಶಾಲೆಗಳೂ ಇವೆ. ಮಾಸ್ತರು ಎರಡೂ ಭಾಷೆ ಬಲ್ಲವರಾದರೆ ಮಕ್ಕಳ ಅದೃಷ್ಟ. ಲೆಕ್ಕ ಮರಾಠಿಯಲ್ಲಿ ಹೇಳಿ ಮಗ್ಗಿ ಕನ್ನಡದಲ್ಲಿ ಹೇಳಿಸುವವರಿದ್ದಾರೆ. ಗಡಿಯ ಭಾಷಾ ಜಗಳವನ್ನು ನಗರಗಳಲ್ಲಿ ಕೂತು ಆಡುವವರು ಒಮ್ಮೆ ಇಂಥ ಕೋಣೆಯಲ್ಲಿ ಅರ್ಧ ದಿನ ಕೂರಬೇಕು.

ಭಾಲ್ಕಿಗೆ ಬಂದರೆ, ಈ ಕರೆತರುವ ಕೆಲಸಕ್ಕೆ ಒಂದು ಹಿರಿಯ ಮುಖ ಕಾಣುತ್ತದೆ. ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು. ಹುಟ್ಟಿದ್ದು ಕಮಲನಗರದಲ್ಲಿ. ಶಿವಯೋಗ ಮಂದಿರದಲ್ಲಿ ಹಾನಗಲ್ ಕುಮಾರ ಸ್ವಾಮಿಗಳ ಗರಡಿಯಲ್ಲಿ ಓದಿ ಬಂದವರು. ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲಿ ಮೇಲುಗೈ ಉರ್ದುವಿನದು, ಜಮೀನಿನ ಕಾಗದವೂ ಉರ್ದುವಿನಲ್ಲಿ. ಹಳೆಯ ದಾಖಲೆ ಓದಿಸಲು ಉರ್ದು ಬಲ್ಲವರನ್ನು ಹುಡುಕಿಕೊಂಡು ಹೋಗುವ ರೈತರು ಈ ಜಿಲ್ಲೆಯಲ್ಲಿ ಈಗಲೂ ಸಿಗುತ್ತಾರೆ. ಅಂಥ ಕಾಲದಲ್ಲಿ ಪಟ್ಟದ್ದೇವರು ಬಾಗಿಲ ಮೇಲೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರ್ ಜಿಲ್ಲೆಯ ಯಾವ ಮಗುವನ್ನು ಕೇಳಿದರೂ ಈ ಸಂಗತಿ ಹೇಳುತ್ತದೆ. 1936ರಲ್ಲಿ ಕಮಲನಗರದಲ್ಲಿ ಅವರು ತೆರೆದ ಸಣ್ಣ ಶಾಲೆಯೇ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯಾಗಿ ಬೆಳೆಯಿತು.

ಫಲಕದ ಕಥೆ ಎಲ್ಲರಿಗೂ ಇಷ್ಟ, ಅದರಲ್ಲಿ ಜಾಣ್ಮೆಯಿದೆ. ನನ್ನನ್ನು ಹೆಚ್ಚು ಹಿಡಿದಿಡುವುದು ಅದರ ಹಿಂದಿನ ನಡಿಗೆ. ಶಾಲೆ ತೆರೆದರೆ ಸಾಲದು, ಮಕ್ಕಳು ಬರಬೇಕಲ್ಲ. ಅಕ್ಷರದಿಂದ ಏನು ಸಿಗುತ್ತದೆ ಎಂದು ಕಾಣದ ಮನೆಗಳು, ದನ ಕಾಯುವ ಹುಡುಗರು, ಒಳಗೆ ಬರಲು ಹೆದರುವ ಕೇರಿಗಳು. ಪಟ್ಟದ್ದೇವರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಜೋಳಿಗೆಯಲ್ಲಿ ಜೋಳ ಬಂತು, ಜೊತೆಗೆ ಮಕ್ಕಳೂ ಬಂದರು. ಆ ಜೋಳದ ರೊಟ್ಟಿಯನ್ನೇ ಆ ಮಕ್ಕಳು ಮಠದಲ್ಲಿ ಉಂಡರು. ಜಾತಿ ಕೇಳದೆ ಪಂಕ್ತಿಯಲ್ಲಿ ಕೂರಿಸಿದ್ದಕ್ಕೆ ಬೈದವರಿದ್ದರು. ಮಠಾಧೀಶರು ಕೂತು ಮೆರೆಯಬೇಕಾದ ಪಲ್ಲಕ್ಕಿಯಲ್ಲಿ ತಾವು ಕೂರದೆ ವಚನದ ಕಟ್ಟುಗಳನ್ನು ಇರಿಸಿ ಮೆರವಣಿಗೆ ಮಾಡಿಸಿದವರು ಅವರು. ತಾವು ನೆಲದ ಮೇಲೆ ನಡೆದರು. ನೂರು ವರ್ಷ ದಾಟಿ ಬದುಕಿ 1999ರ ಏಪ್ರಿಲ್ 22ರಂದು ತೀರಿಕೊಂಡರು. ಡಿಸೆಂಬರ್ 22ಕ್ಕೆ ಭಾಲ್ಕಿಯಲ್ಲಿ ಅವರ ಜಯಂತಿ. ಅಂದು ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಚಳಿಯಲ್ಲಿ ಹೊರಡುತ್ತಾರೆ.

ಅವರ ಬಳಿಕ ಬಂದ ಬಸವಲಿಂಗ ಪಟ್ಟದ್ದೇವರು ಆ ಕೆಲಸವನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ, ತೊಟ್ಟಿಲಿನವರೆಗೆ ಒಯ್ದರು. ಹೆತ್ತವರು ಬಿಟ್ಟುಹೋದ ಹಸುಗೂಸುಗಳನ್ನು ಮಠ ತಂದು ಸಾಕುತ್ತದೆ. ಕರಡ್ಯಾಳದ ಚನ್ನಬಸವೇಶ್ವರ ಗುರುಕುಲದಲ್ಲಿ ದೂರದ ಊರುಗಳ ಮಕ್ಕಳು ಇದ್ದು ಓದುತ್ತಾರೆ. ಬೆಳಗಿನ ಜಾವ ಅಲ್ಲಿಯ ಅಂಗಳದಲ್ಲಿ ಕೋಣೆ ಕೋಣೆಯಿಂದ ಓದುವ ದನಿ ಬರುತ್ತಿರುತ್ತದೆ, ಒಬ್ಬ ಶಿಕ್ಷಕ ಶಾಲು ಹೊದ್ದು ಕಿಟಕಿಯಿಂದ ಕಿಟಕಿಗೆ ನಡೆಯುತ್ತಿರುತ್ತಾನೆ.

ಬೀದರ್ ನಗರಕ್ಕೆ ಈ ಕಲಿಸುವ ಕಸುಬು ಐದೂವರೆ ಶತಮಾನ ಹಳೆಯದು. ಚೌಬಾರಾ ಗೋಪುರದಿಂದ ಕೋಟೆಯ ದಾರಿ ಹಿಡಿದರೆ ಮಹಮೂದ್ ಗವಾನನ ಮದರಸಾ. ಇರಾನಿನ ಗಿಲಾನದಿಂದ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದ ಗವಾನ 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಮೂರು ಅಂತಸ್ತು, ವಿದ್ಯಾರ್ಥಿಗಳು ಉಳಿಯಲು ಕೋಣೆಗಳು, ಬೋಧಕರಿಗೆ ಮನೆ, ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ. ಊಟ ವಸತಿಗೆ ಹಣ ಕೊಡಬೇಕಿರಲಿಲ್ಲ. ದೂರದ ದೇಶಗಳ ವಿದ್ವಾಂಸರನ್ನು ಕರೆಸಿ ಇಲ್ಲಿ ಪಾಠ ಹೇಳಿಸಿದ. ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ಅಷ್ಟು ದೊಡ್ಡ ಪದವಿಯಲ್ಲಿದ್ದವನು ತನಗಾಗಿ ಕೂಡಿಟ್ಟದ್ದು ಬಹಳ ಕಡಿಮೆ ಎಂದು ಚರಿತ್ರೆಕಾರ ಫೆರಿಶ್ತಾ ಬರೆದಿದ್ದಾನೆ. 17ನೇ ಶತಮಾನದ ಕೊನೆಯಲ್ಲಿ ಇಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಕುಸಿಯಿತು. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ ಹೆಂಚಿನ ತುಣುಕುಗಳು ಇನ್ನೂ ಬಿಸಿಲಿಗೆ ಹೊಳೆಯುತ್ತವೆ.

ಡಿಸೆಂಬರ್, ಜನವರಿಯಲ್ಲಿ ಹಳ್ಳಿಯ ಶಾಲೆಗಳು ಇಲ್ಲಿಗೆ ಪ್ರವಾಸ ಬರುತ್ತವೆ. ಪ್ರವಾಸದ ಹಣ ಕೊಡಲಾಗದ ಮಗುವಿನ ಪಾಲನ್ನು ಮೇಡಂ ತಮ್ಮ ಪರ್ಸಿನಿಂದ ಸೇರಿಸಿರುತ್ತಾರೆ, ಅದು ಮಗುವಿಗೆ ಗೊತ್ತಾಗುವುದೇ ಇಲ್ಲ. ಒಮ್ಮೆ ನಾನು ಕಂಡಾಗ ಒಬ್ಬ ಮೇಡಂ ಮಕ್ಕಳನ್ನು ಒಂದೊಂದು ಕೋಣೆಯೊಳಗೆ ಇಬ್ಬಿಬ್ಬರಂತೆ ಕೂರಿಸಿದ್ದರು. "ನೀವು ಇಲ್ಲಿ ಓದಲಿಕ್ಕೆ ಬಂದ ಹುಡುಗರು. ಇದು ನಿಮ್ಮ ಹಾಸ್ಟೆಲ್ ರೂಮು. ಎಲ್ಲಿಂದ ಬಂದೀರಿ ಹೇಳ್ರಿ" ಎಂದರು. ಒಬ್ಬ ಇರಾನ್ ಎಂದ, ಇನ್ನೊಬ್ಬಳು ಅರಬಸ್ತಾನ ಎಂದಳು, ಮೂಲೆಯ ಕೋಣೆಯಿಂದ ಒಂದು ಸಣ್ಣ ದನಿ "ನಾ ಚಿಂತಾಕಿ" ಎಂದಿತು. ಚಿಂತಾಕಿ ಔರಾದ್ ತಾಲೂಕಿನ ಊರು. ಮೇಡಂ ಅದೇ ಗಂಭೀರ ಮುಖದಲ್ಲಿ "ಬಹಳ ದೂರದಿಂದ ಬಂದೀದಿ, ಕೂಡು" ಎಂದರು.

ಹಳೆಯ ಊರಿನ ಉರ್ದು ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕಿಯರ ಕೆಲಸ ಬೇರೆಯೇ ಬಗೆಯದು. ಉರ್ದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಅದರಲ್ಲಿ ಪಳಗಿದ ಪುಟ್ಟ ಕೈ ಕನ್ನಡದ ಸಾಲನ್ನೂ ಪಾಟಿಯ ಬಲ ಅಂಚಿನಿಂದ ಶುರುಮಾಡುತ್ತದೆ. ಎರಡು ಅಕ್ಷರ ಬರೆಯುವಷ್ಟರಲ್ಲಿ ಪಾಟಿ ಮುಗಿಯುತ್ತದೆ, ಹುಡುಗಿ ಕಕ್ಕಾಬಿಕ್ಕಿಯಾಗುತ್ತಾಳೆ. ಶಿಕ್ಷಕಿ ಬೈಯುವುದಿಲ್ಲ. ಪ್ರತಿ ಸಾಲಿನ ಎಡ ತುದಿಯಲ್ಲಿ ಸೀಮೆಸುಣ್ಣದಿಂದ ಒಂದು ದಪ್ಪ ಚುಕ್ಕೆ ಇಡುತ್ತಾರೆ. "ಯಹಾಂ ಸೇ, ಬೇಟಾ." ಕೆಲವು ವಾರ ಚುಕ್ಕೆ, ಆಮೇಲೆ ಬರಿಯ ಬೆರಳು, ಆಮೇಲೆ ಅದೂ ಬೇಡ. ಒಂದು ಕಾಲಕ್ಕೆ ಉರ್ದು ಫಲಕದ ಮರೆಯಲ್ಲಿ ಕನ್ನಡ ಕಲಿಸಬೇಕಾಗಿದ್ದ ಜಿಲ್ಲೆ ಇದು. ಇಂದು ಉರ್ದು ಶಾಲೆಯೊಳಗೆ ಯಾರ ಹೆದರಿಕೆಯೂ ಇಲ್ಲದೆ, ಮಗುವಿನ ಮನೆಮಾತಿನಲ್ಲೇ ಮುದ್ದಿಸಿ ಕನ್ನಡ ಬರೆಸುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬರುತ್ತದೆ.

ಇದೇ ನಗರದಲ್ಲಿ 1989ರಲ್ಲಿ ಅಬ್ದುಲ್ ಖದೀರ್ ಎಂಬ ಎಂಜಿನಿಯರ್ ಹದಿನೇಳು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಶಾಹೀನ್ ಶಾಲೆ ತೆರೆದರು. ಈಗ ವೈದ್ಯಕೀಯ ಸೀಟಿಗಾಗಿ ದೇಶದ ನಾನಾ ಕಡೆಯಿಂದ ಮಕ್ಕಳು ಬೀದರ್‌ಗೆ ಬರುವಂತಾಗಿದೆ. ಸೀಟುಗಳ ಲೆಕ್ಕಕ್ಕಿಂತ ಅಲ್ಲಿಯ ಒಂದು ಏರ್ಪಾಡು ನನಗೆ ದೊಡ್ಡದೆನಿಸುತ್ತದೆ. ಮದರಸಾದಲ್ಲಿ ಕುರಾನ್ ಕಂಠಪಾಠ ಮಾಡಿ, ಶಾಲೆಯ ಗಣಿತವನ್ನೇ ಕಾಣದ ಹುಡುಗರನ್ನು ಮತ್ತು ನಡುವೆ ಶಾಲೆ ಬಿಟ್ಟವರನ್ನು ಕರೆತಂದು, ಮೂಲದಿಂದ ಕಲಿಸಿ ಮುಖ್ಯ ತರಗತಿಗೆ ಸೇರಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಅಕಾಡೆಮಿಕ್ ಇಂಟೆನ್ಸಿವ್ ಕೇರ್ ಯೂನಿಟ್. ಮೀಸೆ ಮೂಡುತ್ತಿರುವ ಹುಡುಗನ ಪಕ್ಕದಲ್ಲಿ ಕೂತು ಕೂಡಿಸುವ ಕಳೆಯುವ ಲೆಕ್ಕ ಹೇಳಿಕೊಡುವಾಗ ಅವನಿಗೆ ನಾಚಿಕೆಯಾಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಗಣಿತ ಬಂದರೆ ಸಾಲದು, ಮನಸ್ಸು ಬೇಕು.

ಬೀದರ್ ನಗರದ ಅಂಚಿನ ಶಾಲೆಗಳಲ್ಲಿ ಪಾಠದ ನಡುವೆ ಇಲ್ಲಿಯ ವಾಯುಪಡೆ ನೆಲೆಯ ಹಾಕ್ ವಿಮಾನಗಳು ತಲೆಯ ಮೇಲೆ ಹಾರುತ್ತವೆ. ಮಾತು ಕೇಳಿಸುವುದಿಲ್ಲ. ಜಾಣ ಮಾಸ್ತರರು ಅಷ್ಟು ಹೊತ್ತು ಸುಮ್ಮನಿದ್ದು, ಸದ್ದು ಇಳಿದ ಮೇಲೆ, "ವಿಮಾನ ಮೊದಲು ಕಂಡಿತೋ, ಸದ್ದು ಮೊದಲು ಕೇಳಿತೋ?" ಎಂದು ಬೆಳಕು, ಶಬ್ದಗಳ ವೇಗದ ಪಾಠಕ್ಕೆ ಇಳಿದುಬಿಡುತ್ತಾರೆ.

ಸರ್ಕಾರಿ ಶಾಲೆಗಳ ಈ ಮಾಸ್ತರರಲ್ಲಿ ಎಲ್ಲರೂ ಕಾಯಂ ನೌಕರರಲ್ಲ. ಹುದ್ದೆ ಖಾಲಿ ಇರುವಲ್ಲಿ ಅತಿಥಿ ಶಿಕ್ಷಕರು ದುಡಿಯುತ್ತಾರೆ. ಶಾಲೆ ನಡೆಯುವ ತಿಂಗಳುಗಳಿಗೆ ಗೌರವಧನ, ಬೇಸಿಗೆಯಲ್ಲಿ ಅದೂ ಇಲ್ಲ, ಮುಂದಿನ ಜೂನ್‌ನಲ್ಲಿ ಇದೇ ಶಾಲೆ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಹಾಗಿದ್ದೂ ಮಗುವಿನ ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ, ಆಧಾರ್ ತಿದ್ದುಪಡಿಗೆ ಬ್ಯಾಂಕಿಗೆ ತಮ್ಮ ಬಸ್ ಚಾರ್ಜಿನಲ್ಲಿ ಓಡಾಡುವವರನ್ನು ಬಲ್ಲೆ. ಇವರನ್ನು ಅತಿಥಿ ಎಂದು ಕರೆದು ಅರ್ಧ ಹೊಟ್ಟೆಯಲ್ಲಿ ಇಟ್ಟಿರುವುದು ಅನ್ಯಾಯ. ಈ ಮಾತನ್ನು ಮೆತ್ತಗೆ ಹೇಳುವ ದಾರಿ ನನಗೆ ತಿಳಿಯದು.

2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70.51, ರಾಜ್ಯದ್ದು ಶೇ. 75.36. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆಗಳು ಜಿಲ್ಲೆಗಳ ಪಟ್ಟಿ ಹಾಕುತ್ತವೆ, ಇತ್ತೀಚಿನ ವರ್ಷಗಳಲ್ಲಿ ಬೀದರ್ ಅದರ ತಳಭಾಗದಲ್ಲೇ ಕಾಣುತ್ತದೆ. ಅಂದು ಮಾಸ್ತರರ ಮುಖ ನೋಡಲಾಗುವುದಿಲ್ಲ. ಅಂಕಿ ಸುಳ್ಳಲ್ಲ. ಆದರೆ ಎಷ್ಟು ಟೆಂಪೊಗಳಿಂದ ಎಷ್ಟು ಗಂಟುಗಳು ಕೆಳಗಿಳಿದವು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡತೊಡಗಿದಾಗಲೂ ಮೊದಲ ಸರದಿಯಲ್ಲಿ ಈ ಜಿಲ್ಲೆ ಇತ್ತು. ಹಸಿವು ಎಲ್ಲಿತ್ತು ಎಂಬುದನ್ನು ಸರ್ಕಾರವೇ ಗುರುತಿಸಿದ ಲೆಕ್ಕ ಅದು. ಆ ಹಸಿವಿನ ಜೊತೆ ದಿನವೂ ಒಂದೇ ಕೋಣೆಯಲ್ಲಿ ಕೂತವರು ಮಾಸ್ತರರು.

ಪರೀಕ್ಷೆ ಹತ್ತಿರ ಬಂದಾಗ ಹೈಸ್ಕೂಲಿನವರು ಹತ್ತನೇ ತರಗತಿಯ ಮಕ್ಕಳನ್ನು ಹಂಚಿಕೊಳ್ಳುತ್ತಾರೆ, ಒಬ್ಬೊಬ್ಬರಿಗೆ ಇಷ್ಟಿಷ್ಟು ಮಂದಿ. ಸಂಜೆ ಮನೆಗೆ ಹೋಗಿ ಟಿ.ವಿ. ಆರಿಸಲು ಹೇಳುವುದು, ಓದಲು ಒಂದು ಮೂಲೆ ಬಿಡಿಸಿಕೊಡುವುದು, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುವುದು. ಭಾಲ್ಕಿಯ ಬಾಡಿಗೆ ಮನೆಯೊಂದರಲ್ಲಿ ವಿಜ್ಞಾನದ ಮೇಡಂ ಐದು ಗಂಟೆಗೇ ಎದ್ದು, ಒಲೆಯ ಮೇಲೆ ಚಹಾಕ್ಕೆ ಇಟ್ಟು, ಡೈರಿಯ ಹಾಳೆ ತೆರೆದು ಕೂತಿದ್ದಾರೆ. ಹೆಸರುಗಳ ಮುಂದೆ ನಂಬರು, ನಂಬರಿನ ಮುಂದೆ ಯಾವ ಪಾಠ ಹಿಂದೆ ಬಿದ್ದಿದೆ ಎಂಬ ಗುರುತು.

"ಎದ್ದಾನೇನ್ರಿ ಅಕ್ಕಾ?"

"ಎದ್ದಾನ್ರಿ ಮೇಡಂ. ಮಾರಿ ತೊಳಕೊಳ್ಳಕತ್ತಾನ."

"ಫೋನ್ ಅವನ ಕೈಯಾಗ ಕೊಡ್ರಿ. ವಿದ್ಯುತ್ ಪಾಠ ತೆಗಿ ತಮ್ಮಾ, ಓಮನ ನಿಯಮ ಒಮ್ಮೆ ಹೇಳು, ಕೇಳ್ಲತ್ತೀನಿ."

ಹುಡುಗ ನಿದ್ದೆಗಣ್ಣಿನಲ್ಲಿ ಶುರುಮಾಡುತ್ತಾನೆ. ತಾಪ ಸ್ಥಿರವಾಗಿದ್ದಾಗ ಎಂಬ ಮಾತು ಮರೆಯುತ್ತಾನೆ. ಮೇಡಂ ಮತ್ತೆ ಹೇಳಿಸುತ್ತಾರೆ. ಎರಡನೇ ಸಲಕ್ಕೆ ಸರಿ ಬರುತ್ತದೆ. ಹೆಸರಿನ ಮುಂದೆ ನೀಲಿ ಪೆನ್ನಿನಲ್ಲಿ ಒಂದು ಗುರುತು ಹಾಕಿ, ಮುಂದಿನ ನಂಬರು ಒತ್ತುತ್ತಾರೆ.